ಬಾಯಿ ನನ್ನದು, ಮಾತು ನನ್ನದಲ್ಲ

ನನ್ನ ಹೆಸರು ಬಸಮ್ಮ ಕೋಂ ಇರಣ್ಣ, ವಯಸ್ಸು 44 ವರ್ಷ, ಕೆಲಸ ಖಾನಾವಳಿ ನಡೆಸುವುದು, ಸ್ವಂತ ಊರು ಧಾರವಾಡ ಜಿಲ್ಲೆಯ ಬ್ಯಾಡಗಿ, ಹಾಲಿ ವಾಸ ಟಿ. ದಾಸರಹಳ್ಳಿ, ತುಮಕೂರು ರಸ್ತೆಯಿಂದ ಒಳಗೆ, ಹಿಟ್ಟಿನ ಗಿರಣಿಯ ಎದುರು. ಇಂದು ದಿನಾಂಕ 14-11-1996ನೇ ಗುರುವಾರ ಬೆಳಿಗ್ಗೆ 11 ಗಂಟೆಗೆ ಠಾಣೆಗೆ ಹಾಜರಾಗಿ, ಯಾರ ಒತ್ತಾಯವೂ ಇಲ್ಲದೆ, ಆದರೆ ಬಹಳ ಸಿಟ್ಟಿನಿಂದ ತಿಳಿಸುವುದೇನೆಂದರೆ:

ನಮ್ಮ ಏರಿಯಾದ ಚಿತ್ರಮಂದಿರದ ಮಾಲೀಕರಾದ ಸೊಣ್ಣಪ್ಪನವರು ನನ್ನ ಮೇಲೆ ಕೊಟ್ಟಿರುವ ದೂರನ್ನು ಮುಖ್ಯ ಪೇದೆಯವರು ನನಗೆ ಓದಿ ಹೇಳಿದರು. ನಿನ್ನೆಯ ಮ್ಯಾಟಿನಿ ಆಟದಲ್ಲಿ ನಾನು ಪರದೆಯ ಮುಂದೆ ನಿಂತು ಆಟಕ್ಕೆ ಅಡ್ಡಿ ಮಾಡಿದೆ, ಪರದೆ ಹರಿದೆ, ಅಭಿಮಾನಿಗಳ ಮನಸ್ಸು ನೋಯಿಸಿದೆ ಎಂದು ಅದರಲ್ಲಿದೆ. ಪರದೆಯ ಮುಂದೆ ನಿಂತಿದ್ದು ನಿಜ. ಪರದೆ ಹರಿದಿದ್ದು ಶುದ್ಧ ಸುಳ್ಳು. ಅದರ ಎಡಗಡೆಯ ಕೆಳಮೂಲೆ ನಾನು ಈ ಊರಿಗೆ ಬಂದಾಗಿನಿಂದ ಹರಿದೇ ಇದೆ. ಅಲ್ಲಿ ಹಾಕಿದ ತೇಪೆಯ ಮೇಲೆ ಎಷ್ಟು ಹೀರೋಯಿನ್‌ಗಳು ಕುಣಿದು ಹೋಗಿದ್ದಾರೋ ಆ ಶಿವನಿಗೇ ಗೊತ್ತು. ಇನ್ನು ಅಭಿಮಾನಿಗಳ ಮನಸ್ಸು ನೋಯಿತಂತೆ. ನನ್ನದೇನು ಕಲ್ಲಿನ ಮನಸ್ಸೇ? ಕಳ್ಳತನ ಆಗಿರುವುದು ನನಗೆ, ದೂರು ಕೊಟ್ಟಿರುವವರು ಅವರು. ಆದ್ದರಿಂದ ನನ್ನದೂ ಒಂದು ದೂರು ಇದೆ. ಕಳುವಾದ ವಸ್ತು, ನನ್ನ ಧ್ವನಿ. ಪೇದೆಯವರು ಪೆನ್ನು ಕೆಳಗಿಟ್ಟು, "ಅದನ್ನೆಲ್ಲ ಬರೆಯಕ್ಕಾಗಲ್ಲಮ್ಮ" ಎಂದರು. ಬರೆಯದಿದ್ದರೆ ಇಲ್ಲಿಂದ ಏಳುವುದಿಲ್ಲ ಎಂದು ನಾನು ಹೇಳಿದ ಮೇಲೆ ಬರೆದಿದ್ದಾರೆ.

ನನಗೆ ಸಿನಿಮಾ ಎಂದರೆ ಪ್ರಾಣ. ಮುಚ್ಚಿಡುವುದೇನಿದೆ? ಪೋಸ್ಟರ್ ಅಂಟಿಸುವವನು ಗೋಂದಿನ ಡಬ್ಬಿ ಕೆಳಗಿಡುವ ಮೊದಲೇ ನಾನು ಚಿತ್ರದ ಹೆಸರು ಓದಿರುತ್ತೇನೆ. ಈ ಹುಚ್ಚು ಬಂದಿರುವುದು ನಮ್ಮ ಅವ್ವ ರುಕ್ಮವ್ವನಿಂದ. ಅವಳಿಗೆ ಕಣ್ಣು ಹೋಗಿ ಒಂಬತ್ತು ವರ್ಷವಾಯಿತು. ಆದರೂ ಬ್ಯಾಡಗಿಯಿಂದ ಬಂದಾಗಲೆಲ್ಲ ಟಾಕೀಸಿಗೆ ಕರೆದುಕೊಂಡು ಹೋಗಲೇಬೇಕು. ಯಾರು ಬಂದರು, ಯಾರು ಅತ್ತರು, ಹೀರೋಯಿನ್ ಉಟ್ಟ ಸೀರೆಯ ಬಣ್ಣ ಯಾವುದು ಎಂದು ನಾನು ಪಕ್ಕದಲ್ಲಿ ಕುಳಿತು ಕಿವಿಯಲ್ಲಿ ಹೇಳುತ್ತೇನೆ. ಹಿಂದಿನ ಸಾಲಿನವರು ಗದರಿಸುತ್ತಾರೆ, ಗದರಿಸಲಿ. ಮಾತು ಶುರುವಾದ ಮೇಲೆ ಅವಳಿಗೆ ನಾನು ಬೇಕಿಲ್ಲ. ಒಂದು ಸಲ ಕೇಳಿದ ಧ್ವನಿಯನ್ನು ಅವಳು ಜನ್ಮದಲ್ಲಿ ಮರೆಯುವುದಿಲ್ಲ.

ಕಳೆದ ಬೇಸಿಗೆಯಲ್ಲಿ, ನಮ್ಮ ಖಾನಾವಳಿಗೆ ಊಟಕ್ಕೆ ಬರುವ ವೀರೇಶ್ ಎಂಬ ರಾಣೆಬೆನ್ನೂರಿನ ಹುಡುಗ ತನ್ನ ನಿರ್ದೇಶಕರನ್ನು ಕರೆತಂದನು. ವೀರೇಶ್ ಸಿನಿಮಾದಲ್ಲಿ ಸಹಾಯಕನಾಗಿದ್ದಾನೆ. ಚಿತ್ರದ ಹೀರೋ ಕೆಲಸ ಹುಡುಕಿಕೊಂಡು ಪೀಣ್ಯಕ್ಕೆ ಬರುತ್ತಾನೆ, ಎಲ್ಲಿಯೂ ಸಿಗುವುದಿಲ್ಲ, ಖಾನಾವಳಿಯಲ್ಲಿ ಊಟಕ್ಕೆ ಕುಳಿತವನು ದುಃಖ ತಡೆಯಲಾಗದೆ ಅರ್ಧಕ್ಕೇ ಏಳುತ್ತಾನೆ, ಆ ದೃಶ್ಯವನ್ನು ನಮ್ಮಲ್ಲೇ ತೆಗೆಯುತ್ತೇವೆ ಎಂದರು. ಹೀರೋನ ಹೆಸರು ಹೇಳಿದರೆ ಅಭಿಮಾನಿಗಳು ಠಾಣೆಯ ಮುಂದೆ ಸೇರುತ್ತಾರೆಂದು ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಹೇಳಿದ್ದರಿಂದ ಇಲ್ಲಿ ಹೇಳಿಲ್ಲ. ಖಾನಾವಳಿಯ ಹೆಂಗಸಿನ ಪಾತ್ರಕ್ಕೆ ಅವರು ಕರೆತಂದಿದ್ದ ನಟಿಯ ಕೈಯಲ್ಲಿ ರೊಟ್ಟಿ ಹರಿದು ಹರಿದು ಹೋಯಿತು. ಆಗ ನಿರ್ದೇಶಕರು ನನ್ನನ್ನೇ ಒಲೆಯ ಮುಂದೆ ಕೂರಿಸಿ, "ನೀವು ದಿನಾ ಏನಂತೀರೋ ಅದನ್ನೇ ಅಂದ್ಬಿಡಿ, ಸಾಕು" ಎಂದರು.

ಹೀರೋ ಎದ್ದರು. ನಾನು ಹಿಟ್ಟು ಮೆತ್ತಿದ ಬಲಗೈಯನ್ನು ಮೇಲೆತ್ತಿ, ಏಳಬೇಡ ತಮ್ಮ, ಕುಳಿತುಕೋ, ಇನ್ನೆರಡು ರೊಟ್ಟಿ ತಟ್ಟುತ್ತೇನೆ ಎಂದು ಹೇಳಿದೆ. ಹಸಿದವನು ತಟ್ಟೆಯ ಮುಂದಿನಿಂದ ಎದ್ದು ಹೋಗುವುದನ್ನು ನಾನು ಇಂದಿನವರೆಗೂ ನೋಡಿ ಸುಮ್ಮನಿದ್ದವಳಲ್ಲ. ಅದು ನಾಟಕದ ಮಾತಾಗಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೈಕು ಎಲ್ಲಿ ಎಂದು ಕೇಳಿದ್ದಕ್ಕೆ, ಎಲ್ಲ ಹಿಡಿದಿದೆ ಎಂದರು. ನಾನು ನಂಬಿದೆ. ಊರಿಗೆಲ್ಲ ಡಂಗುರ ಹೊಡೆದೆ. ಅವ್ವನಿಗೂ ಹೇಳಿ ಕಳಿಸಿದೆ. ಅವಳು, "ನೋಡಾಕಂತೂ ಆಗೂದಿಲ್ಲ, ಕೇಳಾಕ ಬರ್ತೇನಿ" ಎಂದು ಉತ್ತರ ಕಳಿಸಿದಳು.

ಚಿತ್ರ ದೀಪಾವಳಿಗೆ ಬಂತು. ಅವ್ವನೂ ಬಂದಳು. ಭಾನುವಾರದ ಮ್ಯಾಟಿನಿಗೆ ನಾನು, ಅವ್ವ, ನನ್ನ ಯಜಮಾನರಾದ ಇರಣ್ಣ, ಪಕ್ಕದ ಮನೆಯ ಅನುಸೂಯಮ್ಮ, ಖಾನಾವಳಿಗೆ ಬರುವ ಹುಡುಗರು ಎಲ್ಲ ಹೋದೆವು. ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, "ನೀ ಯಾವಾಗ ಬರ್ತಿ? ಈಗೇನು?" ಎಂದು ಕೇಳುತ್ತಲೇ ಇದ್ದಳು. ಇಂಟರ್‌ವಲ್ ಆದ ಮೇಲೆ ನಮ್ಮ ಖಾನಾವಳಿ ಬಂತು. ನನ್ನ ಮುಖ ಪರದೆ ತುಂಬ ಬಂತು. ನಮ್ಮ ಹುಡುಗರು ಶಿಳ್ಳೆ ಹೊಡೆದರು. ಹೀರೋ ಎದ್ದರು, ನಾನು ಕೈ ಎತ್ತಿದೆ, ಬಾಯಿ ತೆರೆದೆ. ಆ ಬಾಯಿಂದ ಬಂದದ್ದು ಯಾವಳದೋ ಕೀರಲು ಧ್ವನಿ. "ಏಯ್, ಎದ್ದೋಗೋ! ಇಲ್ಲಾಂದ್ರೆ ಎರಡು ಬಿಗೀತೀನಿ!"

ಟಾಕೀಸೆಲ್ಲ ಛೀ ಥೂ ಎಂದಿತು. ಗಾಂಧಿ ಕ್ಲಾಸಿನಿಂದ ಯಾರೋ, "ನಿನ್ ಮನೆ ಹಾಳಾಗ, ರಾಕ್ಷಸಿ" ಎಂದು ಕೂಗಿದರು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಬೈದವಳು ಯಾರೋ, ಉಗಿಸಿಕೊಂಡವಳು ನಾನು. ನನಗೆ ಮೈಯೆಲ್ಲ ಉರಿದು ಹೋಯಿತು. ಅಷ್ಟಾದ ಮೇಲೂ ಅವ್ವ ನನ್ನ ಕೈ ಅಲುಗಿಸಿ, "ನೀ ಯಾವಾಗ ಬರ್ತಿ?" ಎಂದು ಕೇಳಿದಳು. ಬಂದು ಹೋದೆನವ್ವ, ಅದೇ ನಾನು ಎಂದೆ. ಅವಳು, "ಅಕಿ ನೀ ಅಲ್ಲ. ಹ್ವಾದ ವರ್ಷ ಸೊಸಿಗೆ ವಿಷ ಹಾಕಿದ ಅತ್ತಿ ಅಕಿ. ಅದರ ಹಿಂದಿನ ಪಿಚ್ಚರದಾಗ ನರ್ಸಬಾಯಿ ಆಗಿದ್ಲು" ಎಂದಳು. ಅನುಸೂಯಮ್ಮ ಕನಿಕರದಿಂದ, "ಇಲ್ಲ ಅಜ್ಜಿ, ಬಸಮ್ಮನೇ. ನಾವೆಲ್ಲ ನೋಡಿದ್ವಲ್ಲ" ಎಂದಳು. ಅವ್ವ, "ನೀವು ನೋಡೀರಿ. ನಾ ಕೇಳೇನಿ" ಎಂದು ಸೆರಗು ಹೊದ್ದು ಕುಳಿತಳು. ಮುಂದಿನ ಕಥೆಯನ್ನು ನನ್ನಿಂದ ಹೇಳಿಸಿಕೊಳ್ಳಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಎಲ್ಲರೂ ನಾನು ಹೇಗೆ ಕೈ ಎತ್ತಿದೆ ಎಂಬುದನ್ನೇ ಆಡಿಕೊಂಡು ನಕ್ಕರು. ಅದನ್ನೆಲ್ಲ ಕೇಳಿಸಿಕೊಂಡ ಅವ್ವ ಮನೆಯ ಹೊಸ್ತಿಲ ಹತ್ತಿರ ನಿಂತು, "ಧ್ವನಿ ನಿಂದಲ್ಲ, ಅದು ನನಗ ಗೊತ್ತಾತು. ಆದ್ರ ಕೈ ಎತ್ತಿದಾಕಿ ನೀನ ಅಂತಾರಲ್ಲ ಎಲ್ಲಾರೂ. ಉಣ್ಣಾವನ ಮ್ಯಾಲೆ ಕೈ ಎತ್ತಿದೇನ ಬಸವ್ವಾ?" ಎಂದು ಕೇಳಿದಳು. ನನ್ನನ್ನು ಹೆತ್ತವಳು ಕೇಳಿದಳು. ರೊಟ್ಟಿ ಮಾಡುವ ಕೈಯವ್ವ ಅದು ಎಂದು ನಾನು ಹೇಳಿದೆ. ಹೂಂ ಎಂದಳು. ಆ ಹೂಂನಲ್ಲಿ ನಂಬಿಕೆ ಇರಲಿಲ್ಲ. ಈ ಮಾತು ಹೇಳುವಾಗ ನಾನು ಅತ್ತಿದ್ದು ನಿಜ. ಅದನ್ನು ಬರೆಯಬೇಡಿ ಎಂದೆ, ಪೇದೆಯವರು ಬರೆದಿದ್ದಾರೆ.

ಸೋಮವಾರ ಖಾನಾವಳಿಗೆ ಬಂದವರೆಲ್ಲ, ಎದ್ದರೆ ಬಿಗಿಯುತ್ತಾಳೆ, ಕೂತೇ ತಿನ್ನಿ ಎಂದು ತಮಾಷೆ ಮಾಡಿದರು. ಅಭಿಮಾನಿಗಳ ಸಂಘದ ಅಧ್ಯಕ್ಷನಾದ ಲೋಕೇಶ್ ಎಂಬುವನು ನನಗೆ 'ಬಿಗಿಯೋ ಬಸಮ್ಮ' ಎಂದು ಹೆಸರಿಟ್ಟನು. ಈ ಲೋಕೇಶ್ ಕಾರ್ಖಾನೆ ಬಾಗಿಲು ಹಾಕಿದ್ದಾಗ ನಮ್ಮಲ್ಲೇ ಉಂಡವನು. ಉಂಡ ಮನೆಯ ಗಳ ಎಣಿಸುವವನು ಎಂದರೆ ಇವನೇ. "ನಮ್ ಬಾಸ್‌ನೇ ಎದ್ದೋಗು ಅಂದ್ಯಲ್ಲಕ್ಕ, ಇನ್ಮೇಕೆ ನಿನ್ ಮನೆ ನೀರೂ ಕುಡಿಯಲ್ಲ" ಎಂದು ಹೇಳಿ ಎದ್ದು ಹೋದನು. ಕುಡಿಯದಿದ್ದರೆ ಬಿಡು, ಹೋಗು ಎಂದೆ.

ಅದೇ ದಿನ ವೀರೇಶ್‌ನನ್ನು ಕರೆಸಿ ಕೇಳಲಾಗಿ ಅವನು ತಿಳಿಸಿದ್ದೇನೆಂದರೆ, ಸಿನಿಮಾದಲ್ಲಿ ಚಿತ್ರ ತೆಗೆಯುವುದು ಬೇರೆ, ಮಾತು ಸೇರಿಸುವುದು ಬೇರೆ. ಮಾತನ್ನು ಆಮೇಲೆ ಮದ್ರಾಸಿನಲ್ಲಿ, ತುಟಿ ಆಡುವುದನ್ನು ನೋಡಿಕೊಂಡು ಬೇರೆಯವರು ಹೇಳುತ್ತಾರೆ. ಅದಕ್ಕೆ ಡಬ್ಬಿಂಗ್ ಎನ್ನುತ್ತಾರೆ. ನನಗೆ ಡಬ್ಬಿ ಗೊತ್ತು, ಡಬ್ಬಿಂಗ್ ಗೊತ್ತಿರಲಿಲ್ಲ. ಒಬ್ಬಳೇ ಹೆಂಗಸು ಹತ್ತಾರು ಚಿತ್ರಗಳ ಅತ್ತೆಯರಿಗೂ ನರ್ಸುಗಳಿಗೂ ಧ್ವನಿ ಕೊಡುತ್ತಾಳಂತೆ. ಅವ್ವ ಹೇಳಿದ್ದು ಅಕ್ಷರಶಃ ಸರಿ. ಮಾತು ಬದಲಾದದ್ದು ಹೇಗೆ ಎಂದರೆ, ಇಲ್ಲಿಯವರು ರೊಟ್ಟಿ ತಟ್ಟುವುದು ಎನ್ನುವುದನ್ನು ನಮ್ಮ ಕಡೆ ಬಡಿಯುವುದು ಎನ್ನುತ್ತೇವೆ. ಖಾನಾವಳಿಯಲ್ಲಿ ರೊಟ್ಟಿ ಎಂದು ಬಾಯಿಬಿಟ್ಟು ಹೇಳುವುದೂ ಇಲ್ಲ, ಇನ್ನೆರಡು ಬಡೀಲೇನು ಎಂದರೆ ಎಲ್ಲರಿಗೂ ತಿಳಿಯುತ್ತದೆ. ಬರೆದುಕೊಂಡು ಹೋಗಿದ್ದ ನನ್ನ ಮಾತನ್ನು ಮದ್ರಾಸಿನಲ್ಲಿ ಓದಿದವರಿಗೆ ಬಡಿಯುವುದು ಎಂದರೆ ಹೊಡೆಯುವುದು. ಎತ್ತಿದ ಕೈ ಬೇರೆ ಕಂಡಿತು. ನಿರ್ದೇಶಕರು, "ಹೊಡಿತೀನಿ ಅನ್ನೋಳು ಕೂತ್ಕೋ ಅಂತ ಯಾಕ್ರೀ ಅಂತಾಳೆ? ಎದ್ದೋಗು ಅಂತ ಮಾಡಿ. ಆ ಕಡೆ ಭಾಷೆನೂ ಬೇಡ, ಸೀರಿಯಸ್ ಸೀನು, ಜನ ನಗ್ತಾರೆ" ಎಂದರಂತೆ.

ನಗುತ್ತಾರಂತೆ! ನಮ್ಮ ಮಾತಿನಲ್ಲಿ ಜನ ಹುಟ್ಟುವುದಿಲ್ಲವೇ, ಸಾಯುವುದಿಲ್ಲವೇ? ಹಸಿದವನಿಗೆ ಕುಂದ್ರು ಎಂದರೆ ನಗು ಬರುತ್ತದೆಯೇ? ನೀನು ಅಲ್ಲಿದ್ದು ಏನು ಮಾಡಿದೆಯೋ ಎಂದು ವೀರೇಶ್‌ನನ್ನು ಕೇಳಿದೆ. "ನಾ ಆ ದಿವಸ ಮದ್ರಾಸಿಗೆ ಹೋಗಿರ್ಲಿಲ್ರಿ ಅಕ್ಕಾ" ಎಂದು ತಲೆ ತಗ್ಗಿಸಿದನು. ಅವನಿಗೂ ಎರಡು ರೊಟ್ಟಿ ಹಾಕಿ ಕಳಿಸಿದೆ. ಸಿಟ್ಟು ಬೇರೆ, ಊಟ ಬೇರೆ.

ಮಂಗಳವಾರ ಸೊಣ್ಣಪ್ಪನವರ ಬಳಿ ಹೋಗಿ, ಇಂಟರ್‌ವಲ್‌ನಲ್ಲಿ ಸೀರೆ ಅಂಗಡಿಯ ಸ್ಲೈಡ್ ಹಾಕುವಂತೆ ನನ್ನದೂ ಒಂದು ಹಾಕಿ, ಈ ಚಿತ್ರದ ಖಾನಾವಳಿಯ ಹೆಂಗಸು ಹಾಗೆ ಬೈದಿಲ್ಲ ಎಂದು ತಿಳಿಸಿ ಎಂದು ಕೈಮುಗಿದು ಕೇಳಿಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, "ರೊಟ್ಟಿಗೆಲ್ಲ ಸ್ಲೈಡ್ ಆಕ್ತಾರೇನಮ್ಮೋ? ಪಿಚ್ಚರ್‌ನಾಗೆ ಬಂದಿದ್ದೇ ನಿನ್ ಪುಣ್ಯ, ಓಗು ಓಗು" ಎಂದರು. ಮನೆಯಲ್ಲಿ ಯಜಮಾನರೂ ಅದನ್ನೇ ಹೇಳಿದರು. ಗಂಡಸರಿಗೆ ಮುಖ ಬಂದರೆ ಸಾಕು.

ಅವ್ವ ಇಂದು ಸಂಜೆಯ ಬಸ್ಸಿಗೆ ಊರಿಗೆ ಹೋಗುವವಳು. ಇನ್ನೊಮ್ಮೆ ಬರುತ್ತಾಳೋ ಇಲ್ಲವೋ. ಆ ಹೂಂ ಹೊತ್ತುಕೊಂಡು ಅವಳು ಹೋಗಬಾರದೆಂದು ನಿನ್ನೆ ಬುಧವಾರ ಮ್ಯಾಟಿನಿಗೆ ಅವಳನ್ನು ಮತ್ತೆ ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸಿದೆ. ಖಾನಾವಳಿ ಬಂದ ಕೂಡಲೇ ಎದ್ದು ಪರದೆಯ ಮುಂದೆ ನಿಂತು, ಹೀಗಲ್ಲ ನಾನು ಅಂದಿದ್ದು, ಕೇಳಿರಿ ಎಂದು ಕೂಗಿ ನನ್ನ ಮಾತು ಶುರು ಮಾಡಿದೆ. ನನ್ನ ನೆರಳು ಹೀರೋನ ಮುಖದ ಮೇಲೆ ಬಿದ್ದಿದ್ದು ನಿಜ. ಅದಕ್ಕೆ ಲೋಕೇಶ್ ಮತ್ತು ಸಂಘದವರು ದೇವರಿಗೆ ಅಪಚಾರವಾದಂತೆ ಬೊಬ್ಬೆ ಹಾಕಿ, ನನ್ನ ರಟ್ಟೆ ಹಿಡಿದು ಹೊರಗೆ ಎಳೆದರು. ಒಂದು ಶಬ್ದ ಆಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಗದ್ದಲದಲ್ಲಿ ಅವ್ವನಿಗೆ ಏನೂ ಕೇಳಿಸಲಿಲ್ಲ. ಅವಳನ್ನು ಸಹ ಕೈಹಿಡಿದು ಹೊರಗೆ ತಂದು ಬಿಟ್ಟರು. ಇದಿಷ್ಟೇ ನಾನು ಮಾಡಿದ ಅಪರಾಧ.

ನನಗೆ ಸಾಕ್ಷಿ ಇದ್ದಾರೆಯೇ ಎಂದು ಪೇದೆಯವರು ಕೇಳಿದರು. ನಮ್ಮ ಅವ್ವ ಇದ್ದಾಳೆ, ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಳೆ, ಕಳ್ಳಿಯನ್ನು ಗುರುತು ಹಿಡಿದವಳು ಅವಳೇ ಎಂದೆ. ಕಣ್ಣು ಕಾಣದವರು ಸಾಕ್ಷಿ ಹೇಗಾಗುತ್ತಾರೆ ಎಂದರು. ಕಳುವಾಗಿರುವುದು ಧ್ವನಿ, ಅದಕ್ಕೆ ಕಣ್ಣು ಯಾಕೆ ಬೇಕು ಎಂದು ನಾನು ಕೇಳಿದೆ. ಅವರು ಅವ್ವನ ಹೆಸರು ಕೇಳಿ ಬರೆದುಕೊಂಡರು.

ಇಷ್ಟು ಬರೆದ ಮೇಲೆ ಪೇದೆಯವರು ಎಲ್ಲವನ್ನೂ ನನಗೆ ಓದಿ ಹೇಳಿದರು. ಏಳಬೇಡ ತಮ್ಮ, ಕುಳಿತುಕೋ, ಇನ್ನೆರಡು ರೊಟ್ಟಿ ತಟ್ಟುತ್ತೇನೆ ಎಂಬ ಸಾಲು ಬಂದಾಗ ನಾನು ತಡೆದೆ. ನಾನೆಲ್ಲಿ ಹಾಗೆ ಹೇಳಿದೆ? ಕೋರ್ಟಿಗೆ ಹೋಗುವ ಕಾಗದವೆಂದು ಶುದ್ಧ ಮಾಡಿ ಬರೆದೆ ಎಂದರು. ಅಯ್ಯೋ ಶಿವನೇ, ಮದ್ರಾಸಿನವರು ಮಾಡಿದ್ದನ್ನೇ ನೀವೂ ಮಾಡಿದಿರಲ್ಲ ಎಂದೆ. ಹಾಗಾದರೆ ಸರಿಯಾಗಿ ಹೇಳಮ್ಮ, ಹಾಗೇ ಬರೆಯುತ್ತೇನೆ ಎಂದರು. ನಾನು ಕೈ ಎತ್ತಿ, ಮನೆಯಲ್ಲಿ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದೆ. ಕಿಟಕಿಯ ಆಚೆ ಬೆಂಚಿನ ಮೇಲಿದ್ದ ಅವ್ವ ಅದನ್ನು ಕೇಳಿ, "ಹಾಂ, ಈಗ ಬಂದಿ ನೋಡು ಬಸವ್ವಾ! ಇಷ್ಟ ಏನು ನೀ ಅಂದದ್ದು?" ಎಂದು ಅಲ್ಲಿಂದಲೇ ಕೂಗಿದಳು. ಇಷ್ಟೇ ಅವ್ವಾ ಎಂದೆ.

ಈ ಹೇಳಿಕೆಯನ್ನು ಓದಿಸಿ ಕೇಳಿದ್ದೇನೆ. ಇದರಲ್ಲಿನ ಸಂಗತಿಯೆಲ್ಲ ಸತ್ಯ, ಮಾತುಗಳು ಪೇದೆಯವರವು. ಕೆಳಗಿನ ಒಂದು ಸಾಲು ಮಾತ್ರ ನಾನು ಆಡಿದಂತೆಯೇ ಇದೆ, ಇದನ್ನು ಯಾರೂ ತಿದ್ದಕೂಡದು:

"ಏಳಬ್ಯಾಡೋ ತಮ್ಮಾ, ಕುಂದ್ರು. ಇನ್ನೆರಡು ಬಡೀತೇನಿ."

ಸ್ಥಳ: ಟಿ. ದಾಸರಹಳ್ಳಿ
ದಿನಾಂಕ: 14-11-1996
ಸಹಿ: ಬಸಮ್ಮ

ಕಿವಿಯಾರೆ ಕೇಳಿದ ಸಾಕ್ಷಿ: ರುಕ್ಮವ್ವ, ಎಡಗೈ ಹೆಬ್ಬೆಟ್ಟಿನ ಗುರುತು