ಮೆತ್ತಗಾದ ಗೋಡಂಬಿ

ಮಗಳ ಹುಳುಕು ಹಲ್ಲು ತೋರಿಸಲು ದಂತವೈದ್ಯರ ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದೆ. ಅವಳು ನನ್ನ ತೊಡೆಯ ಮೇಲೆ ತೂಕಡಿಸುತ್ತಿದ್ದಳು. ಎದುರು ಬೆಂಚಿನಲ್ಲಿ ಇಬ್ಬರು ಓರಗಿತ್ತಿಯರು ಕೂತಿದ್ದರು. ಅವರ ಮಾವ ಒಳಗೆ ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಳ್ಳುತ್ತಿದ್ದರು.

"ನಾಳೆ ಮಾವನ ಹುಟ್ಟುಹಬ್ಬಕ್ಕೆ ಮಸಾಲೆ ಅನ್ನ ನಾನೇ ಮಾಡ್ತೀನಿ," ಎಂದಳು ಹಿರಿಯಳು.

"ನಾನು ಆಗ್ಲೇ ಅಕ್ಕಿ ಆರಿಸಿಟ್ಟಿದ್ದೀನಿ ಅಕ್ಕ."

"ಆರಿಸೋಕೆ ಕಣ್ಣಿದ್ರೆ ಸಾಕು. ಅಡುಗೆಗೆ ಕೈ ಬೇಕು. ಮೊನ್ನೆ ಗೋಡಂಬಿನ ಅಕ್ಕಿ ಜೊತೆಗೇ ಬೇಯಿಸಿದ್ಯಲ್ಲ, ಅದೇನು ಬೇಳೆನಾ?"

"ಘಮ ಚೆನ್ನಾಗಿತ್ತು."

"ಘಮ ಏಲಕ್ಕಿದು, ನಿಂದಲ್ಲ."

"ಮಾವನಿಗೆ ಮೆತ್ತಗಿರಲಿ ಅಂತ ಹಾಗೆ ಮಾಡಿದೆ."

"ಕಡಲೆ ಇದ್ದೋರಿಗೆ ಹಲ್ಲಿಲ್ಲ ಅಂತಾರೆ. ನಿನ್ನ ಅನ್ನದಲ್ಲಿ ಹಲ್ಲಿದ್ದೋರಿಗೂ ಕೆಲಸ ಇಲ್ಲ."

"ಮಾವ ಎರಡು ಸಲ ಬಡಿಸ್ಕೊಂಡ್ರು."

"ಪಾಪ, ನಿನ್ನ ಮನಸ್ಸು ನೋಯಬಾರದು ಅಂತ. ಈಗ ಹಲ್ಲು ಬಂತಲ್ಲ, ನಾನು ಗೋಡಂಬಿನ ತುಪ್ಪದಲ್ಲಿ ಹುರಿದು ಕೊನೇಲಿ ಉದುರಿಸ್ತೀನಿ. ಕಟುಂ ಅನ್ನಬೇಕು. ನೀನು ತಟ್ಟೆ ಹಾಕು, ಅದು ಕೆಡೋದಿಲ್ಲ."

ಕಿರಿಯಳು ಚೀಲದ ಹಿಡಿಯನ್ನು ಬೆರಳಿಗೆ ಸುತ್ತತೊಡಗಿದಳು.

ಅಷ್ಟರಲ್ಲಿ ಮಾವ ಹೊಳೆಯುವ ಹಲ್ಲು ಬಿಟ್ಟುಕೊಂಡು ಹೊರಗೆ ಬಂದರು.

"ಹೇಗಿದೆ ಮಾವ?" ಎಂದಳು ಹಿರಿಯಳು.

"ಫೋಟೋಕ್ಕೆ ಚೆನ್ನಾಗಿದೆ. ಊಟದ ಹೊತ್ತಿಗೆ ತೆಗೆದು ಲೋಟದಲ್ಲಿಡ್ತೀನಿ." ಅವರು ಕಿರಿಯ ಸೊಸೆಯ ಕಡೆ ತಿರುಗಿದರು. "ನಾಳೆ ಆ ಮೆತ್ತನೆ ಗೋಡಂಬಿ ಅನ್ನಾನೇ ಮಾಡಮ್ಮ."

ಮೂವರೂ ಎದ್ದು ಹೊರಟರು. ಬಾಗಿಲು ಮುಚ್ಚುವ ಮೊದಲು ಕಿರಿಯಳ ದನಿ ಕೇಳಿಸಿತು.

"ಹಾಗಾದ್ರೆ ತಟ್ಟೆ ನೀವು ಹಾಕ್ತೀರಾ ಅಕ್ಕ?"