ಏರು ಹತ್ತಿದ ಪೆಟ್ಟಿಗೆ ಸೈಕಲ್

ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಗೆಳೆಯರು ನಿಂತಿದ್ದರು. ಒಬ್ಬ ನಲ್ಲಿ ರಿಪೇರಿಯವನು, ಇನ್ನೊಬ್ಬ ಬಣ್ಣ ಬಳಿಯುವವನು. ಬಣ್ಣದವನ ಕಣ್ಣೆಲ್ಲ ಬಾಗಿಲಾಚೆ ನಿಂತಿದ್ದ ಉದ್ದನೆಯ ಸೈಕಲ್ಲಿನ ಮೇಲೆ. ಅದರ ಮುಂದಿನ ಪೆಟ್ಟಿಗೆಯ ತುಂಬ ಪೈಪು, ಪಾನಾ.

"ಇದನ್ನ ಅತ್ತಿಗೆ ಮಾಡಿದ್ರಾ? ನಿಜ ಹೇಳೋ."

"ಅವಳೇ ಕಣೋ. ಮೋಟರ್ ರಿಪೇರಿ ಮಾಡೋ ಕೈ ಅಲ್ವಾ? ಎರಡು ಹಳೇ ಸೈಕಲ್ ಕುಯ್ದು ಒಂದು ಮಾಡಿದ್ಲು. ಬ್ಯಾಟರಿ ಸೀಟಿನ ಕೆಳಗಿದೆ."

"ನೀನು ಕೆಲಸಾನೇ ಬಿಟ್ಟೆ ಅಂತ ಕೇಳಿದ್ದೆ."

"ಬಿಟ್ಟೇ ಬಿಟ್ಟಿದ್ದೆ. ಸೊಂಟ ಹಿಡ್ಕೊಂಡ ಮೇಲೆ ಇಷ್ಟು ಸಾಮಾನು ಹೊತ್ಕೊಂಡು ಎಲ್ಲಿ ಸುತ್ತಲಿ? ಮೂಲೇಲಿ ಕೂತು ಗೋಡೆ ನೋಡ್ತಿದ್ದೆ. ಅವಳು ಮಾತ್ರ ಹಿತ್ತಲಲ್ಲಿ ವೆಲ್ಡಿಂಗ್ ಮಾಡ್ತಿದ್ಲು."

"ಏರು ಹತ್ತುತ್ತಾ?"

"ನೀರಿನ ಟ್ಯಾಂಕಿನ ಏರು ಗೊತ್ತಲ್ಲ, ಮೊದಲ ದಿನ ಅಲ್ಲಿಗೇ ಕರ್ಕೊಂಡು ಹೋದ್ಲು. ಪೆಡಲ್ ತುಳಿದೆ ನೋಡು, ಯಾರೋ ಬೆನ್ನಿಗೆ ಕೈ ಕೊಟ್ಟು ತಳ್ಳಿದ ಹಾಗಾಯ್ತು. ಇವಳೇ ತಳ್ತಿದ್ದಾಳೆ ಅಂದ್ಕೊಂಡು 'ಬಿಡೇ, ಸುಸ್ತಾಗ್ತೀಯ' ಅಂದೆ. ತಿರುಗಿ ನೋಡಿದ್ರೆ ಅವಳು ಏರಿನ ಬುಡದಲ್ಲೇ ನಿಂತಿದ್ದಾಳೆ, ಇಷ್ಟೇ ಇಷ್ಟು ಕಾಣ್ತಾಳೆ!"

ಬಣ್ಣದವನು ಮತ್ತೆ ಬಾಗಿಲಾಚೆಯ ಸೈಕಲ್ ನೋಡಿದ.

"ಆಮೇಲೆ?"

"ತುದಿ ಮುಟ್ಟಿ ಅತ್ತುಬಿಟ್ಟೆ. ಇಳಿದು ಬಂದಾಗ, ಗಾಳಿಗೆ ಕಣ್ಣಲ್ಲಿ ನೀರು ಬಂತು ಅಂದೆ."

"ನಂಬಿದ್ರಾ?"

"ಬ್ರೇಕ್ ಸರಿಯಾಗಿ ಹಿಡೀತಾ ಅಂತ ಕೇಳಿದ್ಲು."

ಅವರ ಸರದಿ ಬಂತು. ನಲ್ಲಿಯವನು ಒಂದು ಪೊಟ್ಟಣ ಬೋಲ್ಟು ತೆಗೆದುಕೊಂಡ.

"ನನಗೂ ಒಂದು ಮಾಡಿಕೊಡ್ತಾರೇನೋ?"

"ಈಗ ತನಗೇ ಒಂದು ಮಾಡ್ಕೊಳ್ತಿದ್ದಾಳೆ. ಈ ಬೋಲ್ಟು ಅದಕ್ಕೇ."

"ಹಾಗಾದ್ರೆ ಅದಕ್ಕೆ ಬಣ್ಣ ನಾನು ಬಳೀತೀನಿ. ಬೇರೆ ಯಾರಿಗೂ ಮುಟ್ಟೋಕೆ ಬಿಡಬೇಡಿ ಅಂತ ಹೇಳು ಅತ್ತಿಗೆಗೆ" ಎನ್ನುತ್ತ ಬಣ್ಣದವನು ಅವನ ಹಿಂದೆಯೇ ಹೊರಟ.