ಮುಳುಗಿದ ರೈಲು ಸೇತುವೆಯ ಸವತಿ

ಆ ಸಂಜೆ ಮಳೆ ಬಿಡದೆ ಹಿಡಿದು, ದೋಣಿಗಳನ್ನೆಲ್ಲ ದಡಕ್ಕೆ ಕಟ್ಟಿದ್ದೆವು. ಸರೋವರದ ತಳ ಸೇರಿದ್ದ ಹಳೆಯ ರೈಲು ಸೇತುವೆಯ ಕಂಬಗಳನ್ನು ಅಳೆದು ನಕ್ಷೆ ಮಾಡಲು ಬಂದಿದ್ದ ಮುಳುಗುಗಾರರು ನಾವು. ದೋಣಿಮನೆಯಲ್ಲಿ ಒದ್ದೆ ಉಡುಪು ಹರವಿಕೊಂಡು ಕುಳಿತಿದ್ದೆವು. ನಮ್ಮ ಹಗ್ಗಗಳ ಸವೆತ ನೋಡುತ್ತಿದ್ದವಳು ಆ ಮನೆಯ ಒಡತಿ, ಹಗ್ಗದಜ್ಜಿ. ನಡುಗಂಬದ ಹತ್ತಿರ ಇಳಿಯಲು ಇಲ್ಲಿಯವರು ಯಾಕೆ ಒಪ್ಪುವುದಿಲ್ಲ ಎಂದು ಕೇಳಿದೆ.

"ಹೇಳ್ತೀನಿ. ಆಮೇಲೆ ನಿದ್ದೆ ಬರಲಿಲ್ಲ ಅಂತ ನನ್ನ ಬೈಬೇಡಿ. ನಮ್ಮ ಯಜಮಾನ್ರೂ ನಿಮ್ಮ ಕೆಲಸದವರೇ ಕಣ್ರಪ್ಪಾ, ಈ ಸೇತುವೆ ಹುಡುಕೋಕೆ ಮೊದಲು ಇಳಿದವರೇ ಅವರು. ಅವರಿಗೆ ನಾನು ಎರಡನೆಯವಳು. ಮೊದಲನೆಯವಳು ಆ ಕಂಬದ ಹತ್ತಿರ ದೋಣಿ ಮಗುಚಿ ಹೋದವಳು... ಹೆಣಾನೂ ಸಿಗಲಿಲ್ಲ. ಬದುಕಿರೋ ಸವತಿ ಆದ್ರೆ ಜುಟ್ಟು ಹಿಡಿದು ಜಗಳ ಆಡಬಹುದು. ಸತ್ತವಳ ಹತ್ತಿರ ಏನು ಮಾಡ್ತೀರಿ ಹೇಳಿ? ಅವಳು ಸಾರಿಗೆ ಉಪ್ಪು ಹೆಚ್ಚು ಹಾಕಲ್ಲ, ಎದುರು ಮಾತಾಡಲ್ಲ, ವಯಸ್ಸೂ ಆಗಲ್ಲ!

"ಅವರು ಇಳಿದಾಗ ಮೇಲೆ ಹಗ್ಗ ಹಿಡಿಯೋಳು ನಾನು. ಒಂದು ಸಲ ಎಳೆದ್ರೆ ಕ್ಷೇಮ, ಎರಡು ಸಲ ಎಳೆದ್ರೆ ಇನ್ನಷ್ಟು ಹಗ್ಗ ಬಿಡು, ಮೂರು ಸಲ ಎಳೆದ್ರೆ ಎತ್ತು... ನಿಮಗೂ ಅದೇ ಅಲ್ವಾ? ಒಂದಿನ ನಾಲ್ಕು ಸಲ ಎಳೀತು. ಮೇಲೆ ಬಂದ್ಮೇಲೆ ಏನ್ರೀ ಅದು ಅಂದ್ರೆ, ಮುಖ ಬಿಳಿಚಿಕೊಳ್ತು. 'ನಾನು ಎಳೆದಿಲ್ಲ ಕಣೇ' ಅಂದ್ರು. ಆಮೇಲೆ ಮೆಲ್ಲಗೆ, 'ಹಿಂದೆ ಅವಳು ಹಗ್ಗ ಹಿಡೀತಿದ್ದಾಗ ಹಾಗೆ ಎಳೀತಿದ್ಲು... ಕೆಲಸ ಸಾಕು, ಬನ್ನಿ ಮನೆಗೆ ಹೋಗೋಣ ಅಂತ. ನಮ್ಮಿಬ್ಬರ ಗುಟ್ಟು' ಅಂದ್ರು.

"ನನಗೆ ಹೆದರಿಕೆ ಆಯ್ತು ಅಂದ್ಕೊಂಡ್ರಾ? ಹೊಟ್ಟೆ ಉರೀತು ಕಣ್ರೋ! ಹಗ್ಗ ಹಿಡಿದು ಹಿಡಿದು ಅಂಗೈ ಸುಲಿದುಕೊಂಡವಳು ನಾನು, ಗುಟ್ಟು ಮಾತ್ರ ಅವಳ ಜೊತೆ! ಅವತ್ತಿಂದ ಅವರು ಏನು ಗೆಲುವು, ಏನು ಕತೆ... ಸಿಲಿಂಡರಲ್ಲಿ ಗಾಳಿ ಮುಗೀತಾ ಬಂದ್ರೂ ಮೇಲೆ ಬರೋ ಮನಸ್ಸಿಲ್ಲ, ಊಟಕ್ಕೆ ಕೂತ್ರೂ ಕಣ್ಣು ನೀರಿನ ಕಡೆ. ಇಳೀಬೇಡಿ ಅಂತ ಅತ್ತೆ, ಗೋಗರೆದೆ. 'ನಾಳೆ ಒಂದಿನ ಕಣೇ, ಅಷ್ಟೇ' ಅಂದ್ರು.

"ಮಾರನೇ ದಿನ ಇಳಿದ್ರು. ನಾಲ್ಕು ಸಲ ಎಳೀತು. ನಾನು ಬಿಡ್ತೀನಾ? ನಿಮ್ಮ ಮನೆ ಇಲ್ಲಿದೆ, ಮೇಲೆ ಬನ್ನಿ ಅಂತ ನಾನೂ ನಾಲ್ಕು ಸಲ ಎಳೆದೆ. ಸ್ವಲ್ಪ ಹೊತ್ತು ಏನೂ ಇಲ್ಲ... ಆಮೇಲೆ ಹಗ್ಗ ಸಡಿಲ ಆಯ್ತು. ಎಳೆದ್ರೆ ಬರೀ ಹಗ್ಗ ಬಂತು. ತುಂಡಾಗಿರಲಿಲ್ಲ ಕಣ್ರಪ್ಪಾ, ಗಂಟು ಬಿಚ್ಚಿತ್ತು. ದಪ್ಪ ಕೈಗವಸು ಹಾಕಿದ ಕೈಲಿ ಆ ಗಂಟು ಬಿಚ್ಚೋಕಾಗುತ್ತಾ, ನೀವೇ ಹೇಳಿ."

"ಆಮೇಲೆ ನೀವು ಆ ಕಡೆ ಹೋಗೇ ಇಲ್ವಾ ಅಜ್ಜಿ?" ಎಂದು ಕೇಳಿದೆ.

"ಯಾಕೆ ಹೋಗಲ್ಲ? ದಿನಾ ಹೋಗ್ತೀನಿ. ಹಗ್ಗ ಇಳಿಬಿಟ್ಟು ನಾಲ್ಕು ಸಲ ಎಳೀತೀನಿ, ಕೆಳಗಿಂದ ಉತ್ತರ ಬರುತ್ತೆ... ನಿನ್ನೇನೂ ಬಂತು. ಮೊದಮೊದಲು ಒಂದೇ ಕೈ ಎಳೀತಿತ್ತು. ಈಗ ಗಂಡ ಹೆಂಡ್ತಿ ಇಬ್ಬರೂ ಸೇರಿ ಎಳೀತಾರೆ. ಹೊಟ್ಟೆ ಉರಿಯಲ್ವೇನ್ರಪ್ಪಾ?"